ಹುಟ್ಟು ಕಳ್ಳರು ಅಂತ ಇರ್ತಾರಾ? ಸುರಪುರದ ಟೇಲರ್ ಸಾಹೇಬರ ಬದುಕಿನಲ್ಲಿದೆ ಉತ್ತರ

ಬಳಗಾನೂರಿನ ಓದುಗರೊಬ್ಬರು ನಮಗೊಂದು ವಾಟ್ಸ್‌ಆ್ಯಪ್ ಫಾರ್ವರ್ಡ್ ಕಳಿಸಿದ್ದರು. ನಿಮಗೂ ಬಂದಿರಬಹುದು. ಊರಿಂದ ಊರಿಗೆ ತಿರುಗುವ ಒಂದು ಗುಂಪು ಬಂದಿದೆ, ಹೆಂಗಸರು ಹಳೇ ಸೀರೆ, ಕೂದಲು ಕೊಳ್ಳುವ ನೆಪದಲ್ಲಿ ಮನೆ ನೋಡಿಕೊಂಡು ಹೋಗುತ್ತಾರೆ, ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ, ಇವರ ರಕ್ತದಲ್ಲೇ ಕಳ್ಳತನ ಇದೆ, ಹಿಂದೆ ಲಕ್ಷಗಟ್ಟಲೆ ಜನರನ್ನು ಕೊಂದ ಠಗ್ಗರ ವಂಶ ಇವರದು. ಕೊನೆಯಲ್ಲಿ, ಎಲ್ಲ ಗ್ರೂಪ್‌ಗಳಿಗೂ ಕಳಿಸಿ ಎಂಬ ವಿನಂತಿ. ದಿನಾಂಕ ಇಲ್ಲ, ಊರಿನ ಹೆಸರಿಲ್ಲ, ಪೊಲೀಸ್ ಠಾಣೆಯ ಹೆಸರಿಲ್ಲ.

ಓದುಗರ ಪ್ರಶ್ನೆ ಚೆನ್ನಾಗಿತ್ತು. ಮಕ್ಕಳ ಕಳ್ಳರ ಸುದ್ದಿ ಬರೀ ಗಾಳಿಸುದ್ದಿ ಅಂತ ಅವರಿಗೆ ಗೊತ್ತು. ಆದರೆ ಆ ರಕ್ತದ ಮಾತು? ಕೆಲವು ಜನಾಂಗಗಳು ಹುಟ್ಟಿನಿಂದಲೇ ಕಳ್ಳರು ಅಂತ ಅವರ ಅಜ್ಜನೂ ಹೇಳುತ್ತಿದ್ದನಂತೆ. ಅದು ನಿಜವೇ?

ಇದು ಹರಟೆಯ ಪ್ರಶ್ನೆಯಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಸಂಶಯಕ್ಕೆ ಕಾರಣ. ಗುಂಪು ಕೂಡಲು ಬೇಕಾಗಿದ್ದು ವಾಟ್ಸ್‌ಆ್ಯಪ್ ಮಾತ್ರ.

ಚಿಕ್ಕ ಉತ್ತರ: ಸುಳ್ಳು. ಕಳ್ಳತನ ರಕ್ತದಲ್ಲಿ ಹರಿಯುವುದಿಲ್ಲ. ದೊಡ್ಡ ಉತ್ತರಕ್ಕೆ ನಾವು ಬಳಗಾನೂರಿನಿಂದ ಮಸ್ಕಿ, ಲಿಂಗಸುಗೂರು ದಾಟಿ, ತಿಂಥಣಿ ಸೇತುವೆಯ ಮೇಲೆ ಕೃಷ್ಣೆಯನ್ನೂ ದಾಟಿ ಸುರಪುರಕ್ಕೆ ಹೋಗಬೇಕು. ಅಲ್ಲಿನ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆ ಇದೆ. ಅದನ್ನು ಕಟ್ಟಿಸಿದ ಇಂಗ್ಲಿಷ್ ಮನುಷ್ಯನೇ ಠಗ್ಗರ ಕತೆಯನ್ನು ಜಗತ್ತಿಗೆಲ್ಲ ಹಬ್ಬಿಸಿದವನು. ಯಾರೂ ಕಳ್ಳರಾಗಿ ಹುಟ್ಟುವುದಿಲ್ಲ ಎಂಬುದಕ್ಕೆ ನಮ್ಮ ಕಡೆ ಸಿಗುವ ಒಳ್ಳೆಯ ಸಾಕ್ಷಿಯೂ ಅವನ ಬದುಕೇ.

ಹದಿನೈದರ ಹುಡುಗ

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಹದಿನೈದನೇ ವಯಸ್ಸಿಗೆ ಮನೆಯವರು ಅವನನ್ನು ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆ ಕಳಿಸಿದರು. ಹಡಗಿಳಿದು ನೋಡಿದರೆ ಆ ವ್ಯಾಪಾರಿಯೇ ದಿವಾಳಿ ಏಳುವ ಹಂತದಲ್ಲಿದ್ದ. ಬಂಧುವೊಬ್ಬರ ಶಿಫಾರಸಿನಿಂದ 1824ರಲ್ಲಿ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಮುಂದೆ ಜೀವಮಾನದ ಹೆಚ್ಚಿನ ಪಾಲು ಕಳೆದದ್ದು ಕಂಪನಿ ಸರ್ಕಾರದ ನೌಕರರಾಗಿ ಅಲ್ಲ, ನಿಜಾಮನ ನೌಕರರಾಗಿ. ಬೇರೆ ಇಂಗ್ಲಿಷ್ ಅಧಿಕಾರಿಗಳು ಇದನ್ನು ಸ್ವಲ್ಪ ಕೀಳಾಗಿಯೇ ಕಾಣುತ್ತಿದ್ದರು.

ಹುಡುಗ ಬೇಗ ಕಲಿತ. ಪಾರ್ಸಿ, ಹಿಂದೂಸ್ತಾನಿ, ಮರಾಠಿ ಬಂದವು. ಜಮೀನಿನ ಅಳತೆ, ಕಾನೂನು, ಕಟ್ಟಡದ ಕೆಲಸ ಎಲ್ಲವನ್ನೂ ತಾನೇ ಓದಿ, ನೋಡಿ ಕಲಿತ. 1832ರಲ್ಲಿ ಮೇರಿ ಪಾಮರ್ ಅವರನ್ನು ಮದುವೆಯಾದರು. ಮೇರಿಯ ತಂದೆ ಹೈದರಾಬಾದಿನ ದೊಡ್ಡ ಸಾಹುಕಾರ ವಿಲಿಯಂ ಪಾಮರ್, ಅಜ್ಜಿ ಲಖನೌ ಕಡೆಯ ಮುಸ್ಲಿಂ ಹೆಂಗಸು.

ಪಿಯುಸಿಯಲ್ಲಿ ಸಮಾಜಶಾಸ್ತ್ರ ಓದಿದವರಿಗೆ ಸಾಮಾಜೀಕರಣ ಎಂಬ ಪದ ನೆನಪಿರಬಹುದು. ಸುತ್ತಲಿನವರ ಮಾತು, ಊಟ, ಮರ್ಯಾದೆ, ಭಯ, ಸರಿ ತಪ್ಪುಗಳನ್ನು ನೋಡುತ್ತ ನೋಡುತ್ತ ಮನುಷ್ಯ ಒಂದು ಸಮಾಜದವನಾಗುವುದು. ಇದು ತೊಟ್ಟಿಲಲ್ಲಿ ಶುರುವಾಗುತ್ತದೆ ಅಷ್ಟೆ, ಅಲ್ಲಿಗೇ ಮುಗಿಯುವುದಿಲ್ಲ. ಸಿಂಧನೂರು ತಾಲ್ಲೂಕಿನ ಆಂಧ್ರ ಕ್ಯಾಂಪ್, ಬಂಗಾಲಿ ಕ್ಯಾಂಪ್‌ಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಬಂಗಾಲಿ, ಸಂತೆಯಲ್ಲಿ ಕನ್ನಡ. ಲಿವರ್‌ಪೂಲ್‌ನ ಹುಡುಗ ದಖನಿ ಸಾಹೇಬನಾಗಿದ್ದೂ ಹೀಗೆಯೇ. ಅವನ ಮೆಡೋಸ್ ಎಂಬ ಹೆಸರು ಜನರ ಬಾಯಲ್ಲಿ ಮಹಾದೇವ ಬಾಬಾ ಆಯಿತು.

ಠಗ್ಗರು ಯಾರು?

ಇಪ್ಪತ್ತು ತುಂಬುವ ಹೊತ್ತಿಗಾಗಲೇ ಟೇಲರ್ ನಿಜಾಮನ ರಾಜ್ಯದ ನೈಋತ್ಯ ಭಾಗದಲ್ಲಿ ಪೊಲೀಸ್ ಅಧಿಕಾರಿ. ದಾರಿಯಲ್ಲಿ ಹೋದ ಪ್ರಯಾಣಿಕರು ಮನೆಗೆ ಮರಳದ ಸುದ್ದಿಗಳು, ಅಲ್ಲಲ್ಲಿ ಹೆಣಗಳು. ಇದರ ಹಿಂದೆ ಒಂದು ವ್ಯವಸ್ಥಿತ ಜಾಲ ಇದೆ ಎಂಬ ಗುಮಾನಿ ಅವರಿಗೆ ಬಂತು. ತನಿಖೆಗೆ ಇಳಿಯುವಷ್ಟರಲ್ಲಿ ದಂಡಿಗೆ ವಾಪಸ್ ಬಾ ಎಂದು ಆದೇಶ ಬಂತು. ಆ ಜಾಲವನ್ನು ಬಯಲಿಗೆಳೆದ ಹೆಸರು ಉತ್ತರದಲ್ಲಿದ್ದ ವಿಲಿಯಂ ಸ್ಲೀಮನ್‌ಗೆ ಹೋಯಿತು. ತನ್ನ ಕೈತಪ್ಪಿದ್ದನ್ನು ಟೇಲರ್ ಕೊನೆಯವರೆಗೂ ಮರೆಯಲಿಲ್ಲ. ಮುಂದೆ ಸಿಕ್ಕಿಬಿದ್ದ ಠಗ್ಗರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ಅವರಿಗೂ ಸಿಕ್ಕಿತು.

ಠಗ್ ಎಂದರೆ ಮೋಸಗಾರ. ನಮ್ಮ ಠಕ್ಕ ಎಂಬ ಮಾತಿಗೆ ಹತ್ತಿರದ ಪದ. ಜೊತೆಗಾರರಂತೆ ನಟಿಸಿ, ದಾರಿಯುದ್ದಕ್ಕೂ ಸ್ನೇಹ ಬೆಳೆಸಿ, ಜಾಗ ನೋಡಿ ಬಟ್ಟೆಯಿಂದ ಕುತ್ತಿಗೆ ಬಿಗಿದು ಕೊಲ್ಲುವವರು. ದಕ್ಷಿಣದಲ್ಲಿ ಇವರನ್ನು ಫಾಸಿಗಾರರು ಎನ್ನುತ್ತಿದ್ದರು. ಇಂಥ ಗುಂಪುಗಳು ಇದ್ದದ್ದು ನಿಜ, ಕೊಲೆಗಳು ನಡೆದದ್ದೂ ನಿಜ.

ಆದರೆ ಫಾರ್ವರ್ಡ್‌ನಲ್ಲಿ ಹೇಳುವ ವಂಶದ ಮಾತು ಇಲ್ಲೇ ಮುರಿದುಬೀಳುತ್ತದೆ. ಠಗ್ಗರು ಒಂದು ಜಾತಿಯಲ್ಲ. ಗುಂಪುಗಳಲ್ಲಿ ಹಿಂದೂಗಳಿದ್ದರು, ಮುಸ್ಲಿಮರಿದ್ದರು, ನಾನಾ ಜಾತಿಯವರಿದ್ದರು. ವರ್ಷದ ಕೆಲವು ತಿಂಗಳು ದಾರಿಗೆ ಇಳಿದು, ಉಳಿದ ಕಾಲ ಊರಲ್ಲಿ ಹೊಲ ಮಾಡಿಕೊಂಡಿದ್ದವರೂ ಇದ್ದರು. ಬೆಹ್ರಾಮ್ ಎಂಬವನು ಒಬ್ಬನೇ 931 ಜನರನ್ನು ಕೊಂದ ಎಂಬ ಇನ್ನೊಂದು ಸಂದೇಶವೂ ಆಗಾಗ ಬರುತ್ತದೆ. ಅದು ಅವನಿದ್ದ ಗುಂಪುಗಳು ಒಟ್ಟಾಗಿ ಮಾಡಿದ ಕೊಲೆಗಳ ಲೆಕ್ಕ. ತನ್ನ ಕೈಯಾರೆ ಕೊಂದದ್ದು ಸುಮಾರು 125 ಎಂದು ಅವನೇ ಹೇಳಿದ್ದ. ಅದೂ ಪೂರ್ತಿ ನಂಬುವ ಲೆಕ್ಕವಲ್ಲ. ಇಂಥ ಹೇಳಿಕೆಗಳನ್ನು ಕೊಟ್ಟವರು ಮಾಫಿ ಸಾಕ್ಷಿಗಳು, ಹೆಚ್ಚು ಹೇಳಿದಷ್ಟೂ ನೇಣು ದೂರ.

1839ರಲ್ಲಿ ಟೇಲರ್ ಕನ್‌ಫೆಷನ್ಸ್ ಆಫ್ ಎ ಠಗ್ ಎಂಬ ಕಾದಂಬರಿ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ಅದು ಎಷ್ಟು ಓಡಿತೆಂದರೆ ವಿಕ್ಟೋರಿಯಾ ರಾಣಿ ಅಚ್ಚಾಗುವ ಮೊದಲೇ ಹಾಳೆಗಳನ್ನು ತರಿಸಿ ಓದಿದರಂತೆ. ಇಂಗ್ಲಿಷರಿಗೆ ಠಗ್ ಎಂಬ ಪದ ಮನೆಮಾತಾಗಲು ಈ ಪುಸ್ತಕವೂ ಒಂದು ಕಾರಣ. ಅಂದಿನ ವೈರಲ್ ಅಂತಲೇ ಇಟ್ಟುಕೊಳ್ಳಿ.

ಆ ಕಾದಂಬರಿಯ ನಾಯಕ ಅಮೀರ್ ಅಲಿ ಯಾರು ಗೊತ್ತೇ? ಅವನು ಠಗ್ಗನ ಮಗನಲ್ಲ. ಒಳ್ಳೆಯ ಮನೆತನದ ಪಠಾಣನ ಮಗ. ಅವನು ಚಿಕ್ಕವನಿದ್ದಾಗ ಠಗ್ಗರು ದಾರಿಯಲ್ಲಿ ಅವನ ಅಪ್ಪ ಅಮ್ಮನನ್ನು ಕೊಂದು, ಹುಡುಗ ಮುದ್ದಾಗಿದ್ದಾನೆಂದು ಎತ್ತಿಕೊಂಡು ಹೋಗುತ್ತಾರೆ. ಗುಂಪಿನ ನಾಯಕ ಇಸ್ಮಾಯಿಲ್ ಅವನನ್ನು ಸ್ವಂತ ಮಗನಂತೆ ಸಾಕುತ್ತಾನೆ, ಪ್ರೀತಿಯಿಂದಲೇ ಸಾಕುತ್ತಾನೆ. ಆ ಪ್ರೀತಿಯ ಜೊತೆಗೇ ಕಸುಬೂ ಹುಡುಗನಿಗೆ ಬರುತ್ತದೆ. ರಕ್ತ ಪಠಾಣನದು, ಕೈ ಠಗ್ಗನದು. ಕೊಲ್ಲುವುದು ಅವನಿಗೆ ಪಾಪ ಅಂತ ಅನ್ನಿಸುವುದೇ ಇಲ್ಲ, ಅವನ ಮನೆಯಲ್ಲಿ ಅದು ಹಿರಿಯರ ಕೆಲಸ.

ಅಪರಾಧವೂ ಬೇರೆ ಯಾವುದೇ ಕಸುಬಿನಂತೆ ಒಡನಾಟದಲ್ಲಿ ಕಲಿತದ್ದು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್ಲೆಂಡ್ ಸಿದ್ಧಾಂತ ಮಾಡಿದ್ದು 1930ರ ದಶಕದಲ್ಲಿ. ನಿಜಾಮನ ಸೈನ್ಯದ ಒಬ್ಬ ಅಧಿಕಾರಿ ಅದಕ್ಕೂ ನೂರು ವರ್ಷ ಮೊದಲು ಅದನ್ನೇ ಕತೆಯಾಗಿ ಬರೆದಿದ್ದರು.

ದುರಂತ ಏನೆಂದರೆ, ಸರ್ಕಾರ ಅದನ್ನು ಹಾಗೆ ಓದಲಿಲ್ಲ. 1836ರಲ್ಲೇ ಬಂದಿದ್ದ ಕಾನೂನಿನ ಪ್ರಕಾರ ಒಬ್ಬ ಯಾರನ್ನು, ಎಲ್ಲಿ ಕೊಂದ ಎಂದು ಸಾಬೀತು ಮಾಡಬೇಕಾಗಿಯೇ ಇರಲಿಲ್ಲ. ಠಗ್ಗರ ಗುಂಪಿಗೆ ಸೇರಿದವನು ಅಂತ ಆದರೆ ಸಾಕು, ಜೀವಾವಧಿ. ಮಾಡಿದ್ದಕ್ಕಲ್ಲ, ಆಗಿದ್ದಕ್ಕೆ ಶಿಕ್ಷೆ.

ಸುರಪುರದ ಹುಡುಗ ರಾಜ

1840ರ ದಶಕದ ಆರಂಭದಲ್ಲಿ ಟೇಲರ್‌ರನ್ನು ಸುರಪುರಕ್ಕೆ ಕಳಿಸಲಾಯಿತು. ಬೇಡ ನಾಯಕರ ಸಂಸ್ಥಾನ. ರಾಜ ಕೃಷ್ಣಪ್ಪ ನಾಯಕ ತೀರಿಕೊಂಡ ಮೇಲೆ ಗಾದಿಗೆ ಬಂದ ಮಗ ವೆಂಕಟಪ್ಪ ಇನ್ನೂ ಏಳೆಂಟು ವರ್ಷದವನು. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಚಿಕ್ಕಪ್ಪ ಪಿಡ್ಡ ನಾಯಕ ಇನ್ನೊಂದು ಕಡೆ. ಮೇಲೆ ನಿಜಾಮನ ಬಾಕಿ ಕಪ್ಪದ ಒತ್ತಡ. ಸಾವಿರಾರು ಬೇಡರ ಕೈಯಲ್ಲಿ ಕತ್ತಿ, ಈಟಿ, ಬಂದೂಕು.

ಇಂಗ್ಲಿಷ್ ಕಡತಗಳಲ್ಲಿ ಈ ಬೇಡರೆಂದರೆ ಲೂಟಿ ಮಾಡುವ ಒರಟು ಜನ. ಟೇಲರ್ ಬರವಣಿಗೆಯಲ್ಲೂ ಆ ಮಾತು ಇದೆ. ಆದರೆ ಅವರು ವರ್ಷಗಟ್ಟಲೆ ಜೊತೆಗಿದ್ದು ನೋಡಿದರು. ಬೇಡನಿಗೆ ಆಯುಧ ಎಂದರೆ ಬರೀ ಹೊಡೆಯುವ ಸಾಮಾನಲ್ಲ, ಅದು ಅವನ ಮಾನ. ಸೇವೆಗೆ ಪ್ರತಿಯಾಗಿ ಹಿಂದಿನ ರಾಜರು ಕೊಟ್ಟ ಭೂಮಿ, ಆ ಭೂಮಿಯ ಹಕ್ಕು, ಬೇಟೆಯ ಹಬ್ಬ, ಕೊಟ್ಟ ಮಾತಿಗೆ ತಪ್ಪದಿರುವುದು, ಎಲ್ಲ ಒಂದಕ್ಕೊಂದು ಹೆಣೆದುಕೊಂಡಿದ್ದವು. ಸಂಸ್ಕೃತಿ ಎಂದು ಸಮಾಜಶಾಸ್ತ್ರ ಕರೆಯುವುದು ಇದನ್ನು. ನಾವು ಆ ಪದ ಕೇಳಿದ ಕೂಡಲೇ ಡೊಳ್ಳು ಕುಣಿತ, ರಂಗೋಲಿ ನೆನೆಯುತ್ತೇವೆ. ಅಸಲಿಗೆ ಅದು ಒಂದು ಜನ ಯಾವುದನ್ನು ಸಹಜ, ಯಾವುದನ್ನು ನಾಚಿಕೆಗೇಡು ಎಂದುಕೊಳ್ಳುತ್ತದೆ ಎಂಬುದರ ಒಟ್ಟು ಲೆಕ್ಕ.

ಒಂದು ಸಂಸ್ಕೃತಿಯ ಮಾನ ಇನ್ನೊಂದರ ಕಾನೂನಿಗೆ ಅಪರಾಧ ಆಗುವುದನ್ನು ನೋಡಲು 1857ರ ಹಲಗಲಿಗೆ ಬನ್ನಿ. ಇಂದಿನ ಬಾಗಲಕೋಟೆ ಜಿಲ್ಲೆಯ ಊರು. ಆಯುಧ ಒಪ್ಪಿಸಿ ಎಂದು ಸರ್ಕಾರ ಆಜ್ಞೆ ಮಾಡಿತು. ಅಲ್ಲಿನ ಬೇಡರು ಕೊಡಲಿಲ್ಲ. ಹಿಂದಿನ ದಿನದವರೆಗೆ ಸೊಂಟದಲ್ಲಿ ಗೌರವವಾಗಿದ್ದ ಕತ್ತಿ ಮರುದಿನ ಅಪರಾಧದ ಸಾಕ್ಷಿಯಾಯಿತು. ಊರು ಸುಟ್ಟಿತು, 19 ಜನರನ್ನು ನೇಣಿಗೆ ಹಾಕಿದರು. ನಮ್ಮ ಲಾವಣಿಗಳಲ್ಲಿ ಅವರು ವೀರರು, ಆ ಕಾಲದ ಸರ್ಕಾರಿ ಕಾಗದದಲ್ಲಿ ಬಂಡುಕೋರರು. ಸಮಾಜದ ಕಟ್ಟಳೆ ಮೀರಿದ ನಡತೆಗೆ ಪಠ್ಯಪುಸ್ತಕದಲ್ಲಿ ವಿಚಲನೆ ಎನ್ನುತ್ತಾರೆ. ಯಾರ ಕಟ್ಟಳೆ, ಅದನ್ನು ಬರೆದವರು ಯಾರು ಎಂದು ಕೇಳದೆ ಆ ಪದವನ್ನು ಬಳಸಲಾಗುವುದಿಲ್ಲ.

ಸುರಪುರಕ್ಕೆ ಮರಳೋಣ. ಟೇಲರ್ ಅಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಇದ್ದರು. ಲೆಕ್ಕಪತ್ರ ಸರಿಮಾಡಿದರು, ರಸ್ತೆ ಮಾಡಿಸಿದರು. 1844ರಲ್ಲಿ ಹೆಂಡತಿ ತೀರಿಕೊಂಡರು. ಬಿಡುವಿನಲ್ಲಿ ರಾಜನಕೋಳೂರು, ಹುಣಸಗಿ ಸುತ್ತಮುತ್ತ ಜನ ಮೋರ್ಯರ ಮನೆ ಎನ್ನುವ ಕಲ್ಲುಗೋರಿಗಳನ್ನು ಅಗೆಸಿ, ಅಳೆದು, ಚಿತ್ರ ಬರೆದು ಪ್ರಕಟಿಸಿದರು. ಕುಬ್ಜರು ವಾಸಿಸಿದ ಮನೆ ಎಂಬ ನಂಬಿಕೆಗೆ ವಿರುದ್ಧವಾಗಿ ಅವು ಸತ್ತವರ ಸಮಾಧಿ ಎಂದು ತೋರಿಸಿದವರಲ್ಲಿ ಅವರೂ ಮೊದಲಿಗರು. ಇದರ ಬಗ್ಗೆಯೇ ಒಂದು ಲೇಖನ ಬರೆಯಬಹುದು, ಇನ್ನೊಮ್ಮೆ ನೋಡೋಣ.

ಹುಡುಗ ರಾಜ ಟೇಲರ್‌ರನ್ನು ಅಪ್ಪಾ ಎಂದು ಕರೆಯುತ್ತಿದ್ದ. ಟೇಲರ್ ಅವನಿಗೆ ಓದು ಕಲಿಸುವ ಏರ್ಪಾಡು ಮಾಡಿದರು, ಇಂಗ್ಲಿಷ್ ರೀತಿಯ ಆಡಳಿತಗಾರನನ್ನಾಗಿ ಬೆಳೆಸಲು ನೋಡಿದರು. ಅದೇ ಹುಡುಗ ಮನೆಗೆ ಹೋದರೆ ಅಲ್ಲಿ ತಾಯಿ, ಬೇಡ ಹಿರಿಯರು, ಪೂರ್ವಿಕರ ಯುದ್ಧಗಳ ಕತೆ. ಒಬ್ಬ ಹುಡುಗನಿಗೆ ಎರಡು ಶಾಲೆ. ಟೇಲರ್ ತಮ್ಮ ಆತ್ಮಕತೆಯಲ್ಲಿ ಎರಡನೇ ಶಾಲೆಯನ್ನು ಕೆಟ್ಟ ಸಹವಾಸ ಎಂದೇ ಬರೆಯುತ್ತಾರೆ. ರಾಣಿ ಈಶ್ವರಮ್ಮನ ಬಗ್ಗೆಯೂ ಕಟುವಾದ ಮಾತುಗಳಿವೆ. ನಮಗೆ ಇಲ್ಲಿ ಸ್ವಲ್ಪ ಎಚ್ಚರ ಬೇಕು ಅನ್ನಿಸುತ್ತದೆ. ರಾಣಿ ಆತ್ಮಕತೆ ಬರೆಯಲಿಲ್ಲ. ಇಂಥ ವಿವರ ನಮಗೆ ಸಿಗುವುದು ಅವಳ ಅಧಿಕಾರ ಕಿತ್ತುಕೊಂಡವರ ಲೇಖನಿಯಿಂದ.

1853ರಲ್ಲಿ ಪ್ರಾಯಕ್ಕೆ ಬಂದ ವೆಂಕಟಪ್ಪ ನಾಯಕರಿಗೆ ಆಡಳಿತ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಹೋದರು. ಐದು ವರ್ಷವೂ ಆಗಿರಲಿಲ್ಲ. 1858ರ ಫೆಬ್ರವರಿಯಲ್ಲಿ ಲಿಂಗಸುಗೂರಿನ ದಂಡಿನಿಂದ ಕ್ಯಾಪ್ಟನ್ ವಿಂಡ್‌ಹ್ಯಾಮ್ ಸೈನ್ಯ ತಂದು ಸುರಪುರದ ಬಳಿ ಬೀಡುಬಿಟ್ಟ. ರಾತ್ರಿ ಬೇಡರು ಮೇಲೆ ಬಿದ್ದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೆಚ್ಚಿನ ಪಡೆ ಬರುತ್ತಿದೆ ಎಂದು ತಿಳಿದು ರಾಜರು ಹೈದರಾಬಾದಿಗೆ ಹೋದರು, ಅಲ್ಲಿ ಸೆರೆಯಾದರು.

ಟೇಲರ್ ಸೆರೆಮನೆಯಲ್ಲಿ ಅವರನ್ನು ಕಂಡರು. ರಾಜ ಅಪ್ಪಿಕೊಂಡು ಅತ್ತರು ಎಂದು ಟೇಲರ್ ಬರೆಯುತ್ತಾರೆ. ತನಗೆ ಸಾವಿನ ಭಯವಿಲ್ಲ, ಆದರೆ ಕಳ್ಳನಂತೆ ನೇಣು ಹಾಕುವುದು ಬೇಡ, ತೋಪಿನ ಬಾಯಿಗೆ ಕಟ್ಟಲಿ ಎಂಬುದು ಅವರ ಕೋರಿಕೆ. ಇಪ್ಪತ್ನಾಲ್ಕು ತುಂಬದ ಹುಡುಗನಿಗೆ ಜೀವಕ್ಕಿಂತ ಆ ಒಂದು ಹಣೆಪಟ್ಟಿ ದೊಡ್ಡದಾಗಿತ್ತು.

ವಿಚಾರಣೆಯಲ್ಲಿ ಮರಣದಂಡನೆ ಆಯಿತು. ರೆಸಿಡೆಂಟ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದರು, ಗವರ್ನರ್ ಜನರಲ್ ಅದನ್ನೂ ಇಳಿಸಿ ಮದ್ರಾಸ್ ಬಳಿಯ ಚೆಂಗಲಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ ಎಂದರು. ಅಲ್ಲಿಗೆ ಒಯ್ಯುವ ದಾರಿಯಲ್ಲಿ, ಕಾವಲು ಅಧಿಕಾರಿಯ ರಿವಾಲ್ವರ್‌ನಿಂದ ಗುಂಡು ಹಾರಿ ರಾಜ ಸತ್ತರು. ಆತ್ಮಹತ್ಯೆ ಎಂದು ಅಧಿಕೃತ ವರದಿ.

ಇನ್ನೊಂದು ಕತೆ ಇದಕ್ಕೆ ಅಂಟಿಕೊಂಡಿದೆ. ಈ ಹುಡುಗನಿಗೆ 24ನೇ ವರ್ಷದಲ್ಲಿ ಗಂಡಾಂತರ ಎಂದು ಜಾತಕ ನೋಡಿದವರು ಮೊದಲೇ ಹೇಳಿದ್ದರು, ಹಾಗೆಯೇ ಆಯಿತು. ಟೇಲರ್ ತಾವೇ ಬರೆದಿದ್ದಾರೆ, ಆದ್ದರಿಂದ ಇದನ್ನು ಜ್ಯೋತಿಷ್ಯಕ್ಕೆ ಪುರಾವೆಯಾಗಿ ತೋರಿಸುವವರಿದ್ದಾರೆ. ಆ ಆತ್ಮಕತೆ ಅಚ್ಚಾದದ್ದು 1877ರಲ್ಲಿ, ರಾಜ ಸತ್ತು ಹತ್ತೊಂಬತ್ತು ವರ್ಷದ ಮೇಲೆ. ದುಃಖದ ನೆನಪು ಹಳೆಯ ಮಾತುಗಳನ್ನು ಎಷ್ಟು ಅಂದವಾಗಿ ಜೋಡಿಸುತ್ತದೆ ಎಂಬುದು ಸಾವಿನ ಮನೆಗೆ ಹೋಗಿ ಬಂದ ಎಲ್ಲರಿಗೂ ಗೊತ್ತು. ತಪ್ಪಿಹೋದ ಭವಿಷ್ಯಗಳನ್ನು ಯಾರೂ ಬರೆದಿಡುವುದಿಲ್ಲ.

ಹಣೆಪಟ್ಟಿಗೆ ಕಾನೂನು

1860ರಲ್ಲಿ ಸುರಪುರವನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟರು. ಅದೇ ವರ್ಷ ಟೇಲರ್ ನಿವೃತ್ತರಾಗಿ ಇಂಗ್ಲೆಂಡಿಗೆ ಹೋಗಿ ತಾರಾ, ಸೀತಾ ಮುಂತಾದ ಕಾದಂಬರಿಗಳನ್ನು ಬರೆದರು. 1875ರಲ್ಲಿ ಸಾಲಾರ್ ಜಂಗ್ ಕರೆದರೆಂದು ಮತ್ತೆ ಹೈದರಾಬಾದಿಗೆ ಬಂದು ಜ್ವರ ಹಿಡಿದು, ಕಣ್ಣು ಕಳೆದುಕೊಂಡರು. ಊರಿಗೆ ಮರಳುವ ದಾರಿಯಲ್ಲಿ, 1876ರ ಮೇ ತಿಂಗಳಲ್ಲಿ ಫ್ರಾನ್ಸ್‌ನ ಮೆಂತೊನ್‌ನಲ್ಲಿ ತೀರಿಕೊಂಡರು.

ಅಷ್ಟರಲ್ಲಿ, 1871ರಲ್ಲಿ, ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತ್ತು. ಇದರ ಹಿಂದಿನ ತರ್ಕ ಸರಳ: ಈ ದೇಶದಲ್ಲಿ ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ, ಹಾಗಾದರೆ ಕಳ್ಳನ ಮಗ ಕಳ್ಳ. ಠಗ್ಗರ ಮೇಲೆ ಪ್ರಯೋಗ ಮಾಡಿದ ಉಪಾಯವನ್ನು ಇಡೀ ಸಮುದಾಯಗಳ ಮೇಲೆ ಹಾಕಿದರು. 1911ರ ಕಾಯ್ದೆ ಅದನ್ನು ದೇಶದ ದಕ್ಷಿಣಕ್ಕೂ ತಂದಿತು. ಹರಣಶಿಕಾರಿ, ಗಂಟಿಚೋರ, ಕೊರವ, ಲಂಬಾಣಿ ಮುಂತಾದ ಸಮುದಾಯಗಳು ಬೇರೆ ಬೇರೆ ಪ್ರಾಂತ್ಯಗಳ ಪಟ್ಟಿ ಸೇರಿದವು. ಗಂಟಿಚೋರ ಎಂಬ ಹೆಸರನ್ನೇ ನೋಡಿ, ಗಂಟು ಕದಿಯುವವ. ಶಾಲೆಗೆ ಸೇರಿದ ಮಗುವಿನ ಜಾತಿ ಪ್ರಮಾಣಪತ್ರದಲ್ಲೇ ಕಳ್ಳ ಎಂದು ಬರೆದ ಹಾಗೆ.

ಪಟ್ಟಿಯಲ್ಲಿ ಹೆಸರಿದ್ದವರು ಪೊಲೀಸರಿಗೆ ಹಾಜರಿ ಹಾಕಬೇಕು, ಪಾಸ್ ಇಲ್ಲದೆ ಊರು ಬಿಡಬಾರದು. ಕೆಲವರನ್ನು ಬೇಲಿ ಹಾಕಿದ ವಸಾಹತುಗಳಲ್ಲಿ ಇಟ್ಟರು. ಹುಬ್ಬಳ್ಳಿಯಲ್ಲಿ, ಗದಗ ಬೆಟಗೇರಿಯಲ್ಲಿ ಸೆಟ್ಲಮೆಂಟ್ ಎಂಬ ಬಡಾವಣೆ ಇಂದಿಗೂ ಇದೆ. ಆಟೋದವರನ್ನು ಕೇಳಿದರೆ ನೇರ ಕರೆದುಕೊಂಡು ಹೋಗುತ್ತಾರೆ. ಆ ಹೆಸರು ಎಲ್ಲಿಂದ ಬಂತು ಎಂದು ಕೇಳಿದರೆ ಗೊತ್ತಿರುವವರು ಕಡಿಮೆ.

ಇವರಲ್ಲಿ ಯಾರೂ ಕಳ್ಳತನ ಮಾಡಲೇ ಇಲ್ಲವೇ? ಮಾಡಿದವರಿದ್ದರು, ಎಲ್ಲ ಜಾತಿಯಲ್ಲಿ ಇರುವಂತೆ. ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ವ್ಯಾಪಾರ ಮಾಡುತ್ತಿದ್ದವರಿಗೆ ರೈಲು ಬಂದು ಕೆಲಸ ಹೋಯಿತು. ಕಾಡಿಗೆ ಸರ್ಕಾರದ ಕಾಯ್ದೆ ಬಂದು ಬೇಟೆ ನಿಂತಿತು. ಕಳ್ಳ ಎಂದು ಪಟ್ಟಿ ಹಚ್ಚಿದ ಮೇಲೆ ಕೂಲಿಗೂ ಕರೆಯುವವರಿಲ್ಲ. ಹಣೆಪಟ್ಟಿಯೇ ಮನುಷ್ಯನನ್ನು ಆ ದಾರಿಗೆ ತಳ್ಳುತ್ತದೆ ಎಂಬುದನ್ನು ಹೊವಾರ್ಡ್ ಬೆಕರ್ 1963ರಲ್ಲಿ ಔಟ್‌ಸೈಡರ್ಸ್ ಎಂಬ ಪುಸ್ತಕದಲ್ಲಿ ವಿವರಿಸಿದರು. ಯಾವುದೋ ಕೆಲಸ ತನ್ನಷ್ಟಕ್ಕೆ ವಿಚಲನೆ ಆಗುವುದಿಲ್ಲ, ಬಲ ಇರುವವರು ಹಾಗೆಂದು ಹೆಸರಿಟ್ಟಾಗ ಆಗುತ್ತದೆ ಎಂಬುದು ಅವರ ವಾದದ ತಿರುಳು.

ಆ ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಅದಕ್ಕೇ ಈ ಸಮುದಾಯಗಳು ಆ ದಿನವನ್ನು ವಿಮುಕ್ತ ದಿನ ಎಂದು ಆಚರಿಸುತ್ತವೆ. ಬಳಗಾನೂರಿನ ಓದುಗರ ಅಜ್ಜ ಹೇಳುತ್ತಿದ್ದ ಮಾತು ಈ ಕಾಯ್ದೆಯ ಕಾಲದ್ದು. ಅಜ್ಜ ಸುಳ್ಳು ಹೇಳಲಿಲ್ಲ, ಅವರ ಕಾಲದಲ್ಲಿ ಸರ್ಕಾರವೇ ಹಾಗೆ ಬರೆದಿತ್ತು.

ಇಂಥ ಫಾರ್ವರ್ಡ್ ಬಂದರೆ ಮೂರು ವಿಷಯ ನೋಡಿ: ಯಾವ ದಿನ, ಯಾವ ಊರು, ಯಾವ ಠಾಣೆ. ಮೂರೂ ಇಲ್ಲದಿದ್ದರೆ ಕಳಿಸಬೇಡಿ. ನಿಜವಾಗಿಯೂ ಸಂಶಯ ಬಂದರೆ 112ಕ್ಕೆ ಕರೆ ಮಾಡಿ, ಮಕ್ಕಳ ವಿಷಯವಾದರೆ 1098. ಓದುಗರಿಗೆ ನಾವು ಇಷ್ಟನ್ನೂ ಬರೆದು ಕಳಿಸಿದೆವು. ತಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಹಾಕಿದ್ದಾರಂತೆ. ಫಾರ್ವರ್ಡ್ ಹಾಕಿದ್ದ ಸೋದರಮಾವ ನೀಲಿ ಗೆರೆ ತೋರಿಸಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.